ಹಡಗು ಉಳಿಸಿಕೊಂಡವರು: ಅಥೆನ್ಸಿನ ಮಿತ್ರರು, ತಗಡೂರಿನ ಸಾಮಂತರು

(ಕಂಬೈನಲ್ಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗ್ರೀಸಿನ ಅಥೆನ್ಸ್ ನಗರದ ಮೇಲೆ ಅದರ ಮಿತ್ರರೇ ಏಕೆ ತಿರುಗಿಬಿದ್ದರು ಎಂಬ ವಿಷಯವನ್ನು ಕಂಬೈನಲ್ಲೂರಿನಲ್ಲಿ ಏಕೆ ಮಾತಾಡಬೇಕು ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಿಕೊಂಡಿರುತ್ತೀರಿ. ಕೇಳುವುದು ನ್ಯಾಯವೇ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡಿಕೊಂಡು ತಲೆಮಾರುಗಳಿಂದ ಬಾಳುತ್ತಿರುವ ಈ ಸೀಮೆಯಲ್ಲಿ ಹೇಳಿಕೊಳ್ಳಲು ನಮ್ಮದೇ ಚರಿತ್ರೆ ಬೇಕಾದಷ್ಟಿದೆ. ಆದರೆ ನಿಮ್ಮೂರಿನ ಒಂದು ಕಲ್ಲು ಈ ವಿಷಯಕ್ಕೆ ನೇರವಾಗಿ ಸೇರಿದ್ದು. ಮೂರನೇ ಕುಲೋತ್ತುಂಗ ಚೋಳನ ಆಳ್ವಿಕೆಯ 22ನೇ ವರ್ಷದ, ಎಂದರೆ ಸುಮಾರು 1200ರ ಹೊತ್ತಿನ ಕಂಬೈನಲ್ಲೂರು ಶಾಸನದಲ್ಲಿ ತಗಡೂರಿನ ಒಡೆಯ ವಿಡುಕಾದಳಗಿಯ ಪೆರುಮಾಳ್ ಬರುತ್ತಾನೆ. ತಗಡೂರು ಎಂದರೆ ಇವತ್ತಿನ ಧರ್ಮಪುರಿ. ಅವನು ಚೋಳರ ಸಾಮಂತ. ಒಡೆಯನ ನೆರಳಿನಲ್ಲಿ ನಿಂತೇ ಒಡೆಯನಿಂದ ಜಾರಿಕೊಳ್ಳುತ್ತಿದ್ದ ಮನುಷ್ಯ. ಅವನನ್ನು ಅರ್ಥ ಮಾಡಿಕೊಳ್ಳಲು ನನಗೆ ಅತಿ ಹೆಚ್ಚು ನೆರವಾದವನು ಅವನಿಗಿಂತ ಹದಿನಾರು ಶತಮಾನ ಹಿಂದಿನ ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್. ಆದ್ದರಿಂದ ದಾರಿ ಸ್ವಲ್ಪ ಸುತ್ತು. ಮೊದಲು ಅಥೆನ್ಸಿಗೆ ಹೋಗಿ, ತಲಕಾಡಿನ ಮೇಲೆ ಹಾದು, ಆಮೇಲೆ ನಿಮ್ಮೂರಿಗೆ ಬರೋಣ.

ಕ್ರಿ.ಪೂ. 480–479ರಲ್ಲಿ ಪರ್ಷಿಯಾದ ದಂಡಯಾತ್ರೆಯನ್ನು ಗ್ರೀಕರು ಹಿಮ್ಮೆಟ್ಟಿಸಿದರು. ದಂಡು ಹಿಂದೆ ಸರಿಯಿತೇ ಹೊರತು ಭಯ ಸರಿಯಲಿಲ್ಲ. ಏಜಿಯನ್ ಸಮುದ್ರದ ದ್ವೀಪಗಳೂ ಕರಾವಳಿಯ ಊರುಗಳೂ ಅಥೆನ್ಸಿನ ಬಳಿ ಬಂದು, ನೀವೇ ಮುಂದಾಳಾಗಿ ಎಂದವು. ಕ್ರಿ.ಪೂ. 478–477ರಲ್ಲಿ ಕೂಟ ಕಟ್ಟಲಾಯಿತು. ಭಂಡಾರ ಡೀಲೊಸ್ ದ್ವೀಪದ ಅಪೊಲೊ ಗುಡಿಯಲ್ಲಿ. ಯಾರು ಹಡಗು ಕೊಡಬೇಕು, ಯಾರು ಹಣ ಕೊಡಬೇಕು ಎಂದು ಗೊತ್ತುಮಾಡಿದವನು ಅರಿಸ್ಟೈಡೀಸ್. ಮೊದಲ ವರ್ಷದ ಕಪ್ಪ ಒಟ್ಟು 460 ಟ್ಯಾಲೆಂಟ್ ಎಂದು ಥೂಸಿಡಿಡೀಸ್ ಬರೆದಿದ್ದಾನೆ. ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ. ಆ ಹಂಚಿಕೆ ನ್ಯಾಯವಾಗಿತ್ತು ಎಂದು ಕಪ್ಪ ಕೊಟ್ಟವರೇ ಬಹುಕಾಲ ನೆನೆದುಕೊಂಡರು. ಹೊರೆ ಹೊರಿಸಿದವನನ್ನು ಹೊತ್ತವರು ಹೊಗಳುವುದು ಅಪರೂಪ, ಆದ್ದರಿಂದ ಹೇಳಿದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ನಾಕ್ಸೊಸ್ ದ್ವೀಪ ಕೂಟ ಬಿಡುತ್ತೇನೆಂದಿತು. ಅಥೆನ್ಸ್ ಮುತ್ತಿಗೆ ಹಾಕಿ ಮಣಿಸಿತು. ಕೂಟದ ಕಟ್ಟಳೆಗೆ ವಿರುದ್ಧವಾಗಿ ಮಿತ್ರನೊಬ್ಬ ಅಡಿಯಾಳಾದದ್ದು ಇದೇ ಮೊದಲು ಎಂದು ಥೂಸಿಡಿಡೀಸ್ ಗುರುತಿಸುತ್ತಾನೆ. ಅದರ ಬೆನ್ನಿಗೆ ಅವನು ಬರೆದ ಒಂದು ಸಣ್ಣ ಖಂಡಿಕೆ ಈ ಉಪನ್ಯಾಸದ ಬೇರು. ಬಂಡಾಯಗಳಿಗೆ ಕಾರಣ ಏನು? ಕಪ್ಪ ಬಾಕಿ, ಹಡಗು ಬಾಕಿ, ದಂಡಿಗೆ ಬರಲು ನಿರಾಕರಣೆ. ಅಥೆನ್ಸಿನವರು ವಸೂಲಿಯಲ್ಲಿ ಬಿಗಿ. ದುಡಿಮೆಗೆ ಒಗ್ಗದವರನ್ನೂ ಎಳೆದು ದುಡಿಸಿದರು. ಇಷ್ಟು ಯಾರಾದರೂ ಹೇಳಬಹುದು. ಮುಂದಿನದು ಮಾತ್ರ ಅವನೊಬ್ಬನೇ ಹೇಳಬಲ್ಲ ಮಾತು: ತಪ್ಪು ಮಿತ್ರರದೂ ಹೌದು. ಮನೆಮಠ ಬಿಟ್ಟು ದಂಡಿಗೆ ಹೋಗಲು ಬೇಸರಪಟ್ಟು ಹೆಚ್ಚಿನವರು ಹಡಗಿನ ಬದಲು ಹಣ ಕೊಡಲು ಒಪ್ಪಿದರು. ಆ ಹಣದಲ್ಲಿ ಅಥೆನ್ಸಿನ ನೌಕಾಪಡೆ ಬೆಳೆಯಿತು. ಮುಂದೊಂದು ದಿನ ತಿರುಗಿಬೀಳಬೇಕೆಂದಾಗ ಇವರ ಕೈಯಲ್ಲಿ ಹಡಗೂ ಇರಲಿಲ್ಲ, ಕಾದಾಡಿದ ಅನುಭವವೂ ಇರಲಿಲ್ಲ.

ಇದನ್ನು ಓದಿದ ಮೇಲೆ ದೊಡ್ಡ ಬಂಡಾಯಗಳನ್ನು ಒಂದೊಂದಾಗಿ ನೋಡಿ. ನಾಕ್ಸೊಸ್, ಥಾಸೊಸ್, ಸೇಮೋಸ್, ಲೆಸ್ಬೊಸ್ ದ್ವೀಪದ ಮಿಟಿಲೀನೆ, ಕೊನೆಗೆ ಖಿಯೊಸ್. ಬಡಕಲು ಊರು ಇವುಗಳಲ್ಲಿ ಒಂದೂ ಇಲ್ಲ. ಎಲ್ಲವೂ ಶ್ರೀಮಂತ ಊರುಗಳು, ಸ್ವಂತ ಬಲ ಉಳ್ಳವು. ಸೇಮೋಸ್, ಮಿಟಿಲೀನೆ, ಖಿಯೊಸ್ ಮೂರೂ ಬಹುಪಾಲು ಮಿತ್ರರು ಹಣಕ್ಕೆ ಇಳಿದ ಮೇಲೂ ಹಡಗು ಉಳಿಸಿಕೊಂಡವು. ಅತಿ ಹೆಚ್ಚು ಹಿಂಡಿಸಿಕೊಂಡವರು ಬಂಡೇಳುತ್ತಾರೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಹಿಂಡಿದ ಮೇಲೂ ಯಾರ ಬಳಿ ಬಲ ಉಳಿದಿದೆಯೋ ಅವರು ಬಂಡೇಳುತ್ತಾರೆ. ಒಡೆಯನಿಗೆ ಗಡಿ ಕಾಯಲು ಅಂಥವರು ಬೇಕೇ ಬೇಕು. ಅವನ ನಿದ್ದೆ ಕೆಡಿಸುವವರೂ ಅವರೇ.

ಥಾಸೊಸಿನ ಕಥೆಯಲ್ಲಿ ಕಾರಣ ಕಣ್ಣಿಗೆ ಹೊಡೆಯುವಂತಿದೆ. ಎದುರಿನ ಥ್ರೇಸ್ ದಡದಲ್ಲಿ ಆ ದ್ವೀಪದವರಿಗೆ ಸಂತೆಗಳಿದ್ದವು, ಒಂದು ಗಣಿಯೂ ಇತ್ತು. ಅಥೆನ್ಸಿನ ಕಣ್ಣು ಅದರ ಮೇಲೆ ಬಿತ್ತು. ಕ್ರಿ.ಪೂ. 465ರಲ್ಲಿ ಬಂಡಾಯ, ಮೂರನೇ ವರ್ಷ ಶರಣಾಗತಿ, ಕೋಟೆಗೋಡೆ ಕೆಡವಿದರು, ಹಡಗು ಒಪ್ಪಿಸಿದರು, ಗಣಿ ಬಿಟ್ಟುಕೊಟ್ಟರು. ನೆರವಿಗೆ ಬರುತ್ತೇವೆಂದು ಸ್ಪಾರ್ಟಾ ಗುಟ್ಟಾಗಿ ಮಾತು ಕೊಟ್ಟಿತ್ತು. ಅಷ್ಟರಲ್ಲಿ ಅಲ್ಲಿ ಭೂಕಂಪವಾಯಿತು, ಜೀತದಾಳುಗಳು ದಂಗೆ ಎದ್ದರು, ಮಾತು ಮಾತಾಗಿಯೇ ಉಳಿಯಿತು. ನಾನು ಹೆಚ್ಚು ಗಮನಿಸುವುದು ವರ್ಷವನ್ನು. ಅದಕ್ಕೆ ತುಸು ಮುಂಚೆ ಯೂರಿಮೆಡಾನ್ ನದಿಯ ಬಳಿ ಕೂಟದ ಪಡೆ ಪರ್ಷಿಯನ್ನರನ್ನು ನೆಲದ ಮೇಲೂ ನೀರಿನ ಮೇಲೂ ಸೋಲಿಸಿತ್ತು. ಯಾವ ಭಯಕ್ಕಾಗಿ ಕೂಟ ಕಟ್ಟಿದರೋ ಆ ಭಯ ಹಗುರವಾಯಿತು. ಕಪ್ಪ ಹಗುರವಾಗಲಿಲ್ಲ. ಕ್ರಿ.ಪೂ. 454ರಲ್ಲಿ ಭಂಡಾರವೇ ಡೀಲೊಸಿನಿಂದ ಅಥೆನ್ಸಿಗೆ ಬಂತು. ಅಂದಿನಿಂದ ಕಪ್ಪದ ಅರವತ್ತನೇ ಒಂದು ಪಾಲನ್ನು ಅಥೀನಾ ದೇವಿಗೆ ಎತ್ತಿಟ್ಟು, ಯಾವ ಊರಿನ ಪಾಲು ಎಷ್ಟು ಎಂದು ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲು ಆಳಿಗಿಂತ ಎರಡು ಪಟ್ಟು ಎತ್ತರ. ತನ್ನ ಊರಿನ ಹೆಸರನ್ನು ಇನ್ನೊಬ್ಬರ ದೇವಿಯ ಲೆಕ್ಕದಲ್ಲಿ ಓದಿಕೊಳ್ಳುವ ಮಿತ್ರನಿಗೆ ಏನನ್ನಿಸಿತ್ತೋ!

ಸೇಮೋಸಿನದು ಬೇಗ ಹೇಳಿ ಮುಗಿಸಬಹುದು. ಪ್ರೀನಿ ಎಂಬ ಊರಿಗಾಗಿ ಅದಕ್ಕೂ ಮೈಲೀಟಸ್‌ಗೂ ಜಗಳ. ಅಥೆನ್ಸ್ ಮೈಲೀಟಸ್ ಪಕ್ಷ ವಹಿಸಿ ಸೇಮೋಸಿನ ಆಡಳಿತವನ್ನೇ ಬದಲಿಸಹೊರಟಿತು. ಕ್ರಿ.ಪೂ. 440ರಲ್ಲಿ ಬಂಡಾಯ, ಪೆರಿಕ್ಲೀಸನ ಒಂಬತ್ತು ತಿಂಗಳ ಮುತ್ತಿಗೆ, ಸೋಲು, ಕಂತಿನಲ್ಲಿ ಯುದ್ಧವೆಚ್ಚ.

ಮಿಟಿಲೀನೆಯಲ್ಲಿ ಮಾತ್ರ ನಿಲ್ಲಲೇಬೇಕು. ಅಲ್ಲಿ ಬಂಡೆದ್ದವರು ಬಾಯಿ ಬಿಟ್ಟು ಕಾರಣ ಹೇಳಿದ್ದಾರೆ. ಕ್ರಿ.ಪೂ. 428. ಅಥೆನ್ಸ್ ಮತ್ತು ಸ್ಪಾರ್ಟಾಗಳ ಮಹಾಯುದ್ಧ ಶುರುವಾಗಿ ಮೂರು ವರ್ಷ. ಅಥೆನ್ಸಿನಲ್ಲಿ ಪ್ಲೇಗು ಬಂದು ಹೋಗಿದೆ, ಬೊಕ್ಕಸ ಕರಗಿದೆ. ಮಿಟಿಲೀನೆಯ ದೂತರು ಒಲಿಂಪಿಯಾದಲ್ಲಿ ಸ್ಪಾರ್ಟಾದವರ ಮುಂದೆ ನಿಂತು ನೆರವು ಕೇಳುತ್ತಾರೆ. ನಮ್ಮ ಮೇಲೆ ದಬ್ಬಾಳಿಕೆ ನಡೆಯಿತು ಎಂದು ಅವರು ಅಳುವುದಿಲ್ಲ. ಇಲ್ಲಿಯವರೆಗೆ ನಮ್ಮನ್ನು ಗೌರವದಿಂದಲೇ ನಡೆಸಿಕೊಂಡರು ಎಂದು ಒಪ್ಪಿಕೊಳ್ಳುತ್ತಾರೆ. ಅವರ ವಾದದ ತಿರುಳು ಬೇರೆ. ಅಥೆನ್ಸಿನವರು ದೊಡ್ಡವರನ್ನು ಜೊತೆಗಿಟ್ಟುಕೊಂಡು ಸಣ್ಣವರನ್ನು ಮೊದಲು ಮುಗಿಸಿದರು, ದೊಡ್ಡವರನ್ನು ಕೊನೆಗೆ ಉಳಿಸಿಕೊಂಡರು. ನಮ್ಮನ್ನು ಸ್ವತಂತ್ರವಾಗಿ ಬಿಟ್ಟದ್ದು ನಮ್ಮ ಹಡಗುಗಳ ಭಯಕ್ಕೆ. ಒಬ್ಬರ ಭಯ ಇನ್ನೊಬ್ಬರಿಗೆ ಸಮನಾಗಿದ್ದಷ್ಟು ಕಾಲವೇ ಮೈತ್ರಿ ನಿಲ್ಲುತ್ತದೆ. ಅವರಿಗೆ ಸಮಯ ಬರುವ ಮೊದಲು ನಾವು ಸಮಯ ನೋಡಿಕೊಂಡೆವು. ಇಷ್ಟು ಲೆಕ್ಕಾಚಾರದ ಬಂಡಾಯವನ್ನು ನಾನು ಬೇರೆಲ್ಲೂ ಓದಿಲ್ಲ.

ಲೆಕ್ಕ ಮಾತ್ರ ತಪ್ಪಿತು. ಸ್ಪಾರ್ಟಾದ ಹಡಗುಗಳು ತಡಮಾಡಿದವು. ಊರಿನೊಳಗೆ ಕಾಳು ಮುಗಿಯಿತು. ಸ್ಪಾರ್ಟಾದಿಂದ ಬಂದಿದ್ದ ಸಲೇಥಸ್ ಕೊನೆಯ ಉಪಾಯವೆಂದು ಸಾಮಾನ್ಯ ಜನರ ಕೈಗೆ ಭಾರಿ ಆಯುಧ ಕೊಟ್ಟ. ಆಯುಧ ಕೈಗೆ ಬಂದ ಕೂಡಲೇ ಅವರು ಒಡೆಯರ ಮಾತು ಕೇಳುವುದನ್ನು ಬಿಟ್ಟರು. ಬಚ್ಚಿಟ್ಟ ಧಾನ್ಯ ಹೊರಗೆ ತಂದು ಎಲ್ಲರಿಗೂ ಹಂಚಿ, ಇಲ್ಲವಾದರೆ ನಾವೇ ಊರನ್ನು ಅಥೆನ್ಸಿಗೆ ಒಪ್ಪಿಸುತ್ತೇವೆ ಎಂದರು. ದೊಡ್ಡವರು ಹೆದರಿ ತಾವೇ ಶರಣಾದರು. ಬಂಡಾಯ ಎದ್ದದ್ದು ಇಡೀ ಊರು ಎಂದುಕೊಂಡಿದ್ದೆವಲ್ಲ, ಅಲ್ಲ. ಸ್ವಾತಂತ್ರ್ಯ ಬೇಕಿದ್ದವರ ಕಣಜದಲ್ಲಿ ಕಾಳಿತ್ತು. ಕಾಳಿಲ್ಲದವರಿಗೆ ಅಥೆನ್ಸಾದರೂ ಒಂದೇ, ಮಿಟಿಲೀನೆಯ ದೊರೆಮಕ್ಕಳಾದರೂ ಒಂದೇ.

ಅಥೆನ್ಸಿನ ಸಭೆ ಮೊದಲ ದಿನ ರೊಚ್ಚಿನಲ್ಲಿ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕೆಂದು ತೀರ್ಮಾನಿಸಿತು. ಮರುದಿನ ಮನಸ್ಸು ಅಳುಕಿ ಮತ್ತೆ ಸೇರಿತು. ಕ್ಲಿಯೋನ್ ಕೊಲ್ಲಲೇಬೇಕು ಎಂದ. ಡಯೊಡೋಟಸ್ ಬೇಡವೆಂದ, ಕರುಣೆಯ ಹೆಸರಿನಲ್ಲಿ ಅಲ್ಲ, ಲಾಭದ ಹೆಸರಿನಲ್ಲಿ. ಬಯಕೆ ಮುಂದೆ ನಡೆದು ಭರವಸೆ ಹಿಂಬಾಲಿಸುವಾಗ ಮರಣದಂಡನೆ ಯಾರನ್ನೂ ತಡೆದಿಲ್ಲ. ಸೋತ ಮೇಲೂ ಸಾವೇ ಗತಿ ಎಂದಾದರೆ ಮುಂದಿನ ಊರು ಕೊನೆಯವರೆಗೂ ಕಾದುತ್ತದೆ, ನಿಮಗೆ ಸಿಗುವುದು ಹಾಳು ಬಿದ್ದ ಊರು, ಬಾರದ ಕಪ್ಪ. ಈ ಮಾತು ಕೆಲವೇ ಕೈಗಳ ಅಂತರದಲ್ಲಿ ಗೆದ್ದಿತು. ಎರಡನೇ ಹಡಗು ರಾತ್ರಿಹಗಲು ಹುಟ್ಟುಹಾಕಿ ಸರಿಯಾದ ಹೊತ್ತಿಗೆ ತಲುಪಿತು. ಆದರೂ ಮುಂದಾಳುಗಳೆಂದು ಹಿಡಿದ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು. ನೆಲವನ್ನು 3,000 ಭಾಗ ಮಾಡಿ, 300 ದೇವರಿಗೆ ಬಿಟ್ಟು, 2,700ನ್ನು ಅಥೆನ್ಸಿನವರಿಗೆ ಹಂಚಿದರು. ಉಳುವವರು ಲೆಸ್ಬೊಸಿನವರೇ, ಭಾಗವೊಂದಕ್ಕೆ ವರ್ಷಕ್ಕೆ ಎರಡು ಮಿನಾ ಬೆಳ್ಳಿ ಗುತ್ತಿಗೆ. ಕಾಳಿಗಾಗಿ ಆಯುಧ ತಿರುಗಿಸಿದ್ದ ಜನರಿಗೆ ದಕ್ಕಿದ್ದು ಗೇಣಿ.

ನನ್ನ ಮಾತಿಗೆ ಅಡ್ಡ ಬರುವ ಊರುಗಳೂ ಇವೆ, ಮುಚ್ಚಿಡುವುದಿಲ್ಲ. ಕ್ರಿ.ಪೂ. 425ರಲ್ಲಿ ಅಥೆನ್ಸ್ ಕಪ್ಪವನ್ನು ಸುಮಾರು ಮೂರು ಪಟ್ಟು ಏರಿಸಿತು. ಮರುವರ್ಷ ಸ್ಪಾರ್ಟಾದ ಬ್ರಾಸಿಡಾಸ್ ಸಣ್ಣ ಪಡೆಯೊಂದಿಗೆ ಥ್ರೇಸಿಗೆ ಬಂದಾಗ ಹಡಗಿಲ್ಲದ ಊರುಗಳೂ ಒಂದರ ಹಿಂದೊಂದು ಅವನ ಕಡೆ ಹೊರಳಿದವು. ಆಂಫಿಪೊಲಿಸ್ ಅವನ ಪಾಲಾಯಿತು. ಅದನ್ನು ಉಳಿಸಲಾಗದ ಸೇನಾಪತಿ ಇದೇ ಥೂಸಿಡಿಡೀಸ್, ಅದಕ್ಕಾಗಿ ಇಪ್ಪತ್ತು ವರ್ಷ ಗಡಿಪಾರಾದ. ಆದರೆ ಅಕಾಂಥಸ್ ಊರಿನ ಸಂಗತಿ ನಿಮ್ಮಂಥ ಬೇಸಾಯಗಾರರಿಗೆ ತಟ್ಟನೆ ಅರ್ಥವಾದೀತು. ಬ್ರಾಸಿಡಾಸ್ ಸ್ವಾತಂತ್ರ್ಯದ ಬಗ್ಗೆ ಒಳ್ಳೆಯ ಭಾಷಣವನ್ನೇ ಮಾಡಿದ. ಜನ ಗುಟ್ಟಾಗಿ ಮತ ಹಾಕಿ ಅವನನ್ನು ಒಳಗೆ ಬಿಟ್ಟರು. ಕಾರಣ ಭಾಷಣವೂ ಹೌದು, ಕೋಟೆಯ ಹೊರಗೆ ಕೊಯ್ಲಿಗೆ ಬಂದು ನಿಂತಿದ್ದ ದ್ರಾಕ್ಷಿಯೂ ಹೌದು. ಈ ಊರುಗಳಿಗೆ ಸ್ವಂತ ಬಲ ಇರಲಿಲ್ಲ, ಬಾಗಿಲಿಗೆ ಬಂದ ಬಲವನ್ನು ಕಡ ಪಡೆದವು. ಕಡ ಕೊಟ್ಟವನು ಹೋದ ಮೇಲೆ ಸ್ಕಿಯೋನಿಯಂಥ ಊರಿನ ಗಂಡಸರೆಲ್ಲ ಕತ್ತಿಗೆ ಆಹುತಿಯಾದರು, ಹೆಂಗಸರು ಮಕ್ಕಳು ಮಾರಾಟವಾದರು.

ಖಿಯೊಸ್ ಎಲ್ಲರಿಗಿಂತ ಹೆಚ್ಚು ಕಾದಿತು. ಹಡಗು, ಹಣ, ಜಾಣತನ ಮೂರೂ ಇದ್ದ ದ್ವೀಪ. ಅಥೆನ್ಸ್ ಹೊಸ ಗೋಡೆ ಕೆಡವು ಎಂದಾಗ ಕೆಡವಿತು. ಕ್ರಿ.ಪೂ. 413ರಲ್ಲಿ ಸಿಸಿಲಿಯಲ್ಲಿ ಅಥೆನ್ಸಿನ ಪಡೆ ನುಚ್ಚುನೂರಾದ ಮೇಲೆ, 412ರಲ್ಲಿ ಎದ್ದಿತು. ಮೂರು ಪಟ್ಟು ಕಪ್ಪ ಏರಿಸಿದ ವರ್ಷ ಸುಮ್ಮನಿದ್ದದ್ದು ಒಡೆಯ ಸೋತ ಮರುವರ್ಷ ಎದ್ದಿತು. ಅದೇ ಹೊತ್ತಿಗೆ ಸೇಮೋಸಿನಲ್ಲಿ ಜನಸಾಮಾನ್ಯರು ತಮ್ಮ ಶ್ರೀಮಂತರ ಮೇಲೆಯೇ ಎದ್ದು, ಅಥೆನ್ಸಿಗೆ ಕೊನೆಯವರೆಗೂ ನಂಬಿಗಸ್ತರಾಗಿ ನಿಂತರು. ಒಂದೇ ಸಮುದ್ರ, ಒಂದೇ ವರ್ಷ.

ಇನ್ನು ನಮ್ಮ ನೆಲಕ್ಕೆ ಬರೋಣ. ಮೊದಲೇ ಒಂದು ಎಚ್ಚರಿಕೆ: ಗ್ರೀಸಿನ ಮಿತ್ರ ಎಂದರೆ ಒಂದು ಊರು, ಅದಕ್ಕೊಂದು ಸಭೆ. ನಮ್ಮ ಸಾಮಂತ ಎಂದರೆ ಒಂದು ಮನೆತನ. ಸಂಬಂಧ ಹೆಣ್ಣು ಕೊಟ್ಟು ತಂದು ಬೆಳೆಯುತ್ತದೆ, ಬಿರುದಿನಲ್ಲಿ ಹೊಳೆಯುತ್ತದೆ. ಎರಡನ್ನೂ ಒಂದೇ ಎನ್ನುತ್ತಿಲ್ಲ. ಗಂಟು ಬಿಚ್ಚುವ ಬಗೆಯಲ್ಲಿ ಹೋಲಿಕೆ ಇದೆ ಎನ್ನುತ್ತಿದ್ದೇನೆ.

ತಗಡೂರು ಹಿಂದಿನಿಂದಲೂ ಎರಡು ಬಲಗಳ ನಡುವಿನ ಊರು. ಇಲ್ಲಿನ ದೊರೆ ಅತಿಯಮಾನ್ ನೆಡುಮಾನ್ ಅಂಜಿ ಮತ್ತು ಕವಯಿತ್ರಿ ಔವೈಯಾರ್ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಒಂಬತ್ತನೇ ಶತಮಾನದಲ್ಲಿ ಇದು ನೊಳಂಬರ ಕೈಯಲ್ಲಿತ್ತು. ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು 893ರಲ್ಲಿ ಇಲ್ಲಿ ಬಸದಿ ಕಟ್ಟಿಸಿದ್ದನ್ನು ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನ ಹೇಳುತ್ತದೆ. ನೊಳಂಬರು ಗಂಗರಿಗೆ ನಡೆದುಕೊಳ್ಳುತ್ತಿದ್ದವರು. ಮಹೇಂದ್ರ ಬಾಣರನ್ನು ಮುರಿದು ಬಲಿತ; ಬಲಿತ ಮೇಲೆ ಗಂಗರ ಎರೆಯಪ್ಪ ಅವನನ್ನು ಮುಗಿಸಿ ‘ಮಹೇಂದ್ರಾಂತಕ’ ಎಂದು ಕರೆಸಿಕೊಂಡ.

ಹನ್ನೆರಡನೇ ಶತಮಾನದ ಆರಂಭಕ್ಕೆ ಗಂಗವಾಡಿ ಚೋಳರದು. ತಲಕಾಡಿನಲ್ಲಿ ಅವರ ಸಾಮಂತನಾಗಿ ಅದಿಯಮ ಇದ್ದ. ತಗಡೂರಿನ ಅದಿಗೈಮಾನ್ ಮನೆತನದ ಹೆಸರೇ ಅದು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಬಂದು ನಾಡು ಒಪ್ಪಿಸು ಎಂದ. ಚೋಳ ಕೊಟ್ಟ ನಾಡನ್ನು ಒಪ್ಪಿಸುವುದಿಲ್ಲ, ಕಾದಿ ತೆಗೆದುಕೋ ಎಂದು ಅದಿಯಮ ಹೇಳಿದನೆಂದು ಶ್ರವಣಬೆಳಗೊಳದ ಶಾಸನ ದಾಖಲಿಸುತ್ತದೆ. ಗೆದ್ದವನ ಶಾಸನ ಸೋತವನ ನಿಷ್ಠೆಯನ್ನು ಮರೆಯದೆ ಬರೆಸಿದೆ. ಅದಿಯಮ ಸೋತ. ವಿಷ್ಣುವರ್ಧನ ‘ತಲಕಾಡುಗೊಂಡ’ನಾದ.

ನನಗೆ ಕುತೂಹಲ ಮುಂದಿನ ಎರಡು ವರ್ಷದ ಮೇಲೆ. ವಿಷ್ಣುವರ್ಧನ ಸ್ವತಂತ್ರ ರಾಜನಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಸಾಮಂತ. ವಿಕ್ರಮಾದಿತ್ಯನ ಬಿರುದು ತ್ರಿಭುವನಮಲ್ಲ; ವಿಷ್ಣುವರ್ಧನನೂ ತನ್ನ ಹೆಸರಿನ ಮುಂದೆ ಅದನ್ನೇ ಧರಿಸುತ್ತಾನೆ. 1118ರಲ್ಲಿ ಚಾಲುಕ್ಯ ಸೈನ್ಯ ಹನ್ನೆರಡು ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ಇದೇ ಗಂಗರಾಜ ರಾತ್ರಿ ಮೇಲೆ ಬಿದ್ದು ಚೆದುರಿಸಿದ, ಅವರ ಸರಕು ಸಾಮಾನು ವಾಹನಗಳನ್ನು ತಂದು ಒಡೆಯನಿಗೆ ಒಪ್ಪಿಸಿದ. ಮೆಚ್ಚಿ ಏನು ಬೇಕು ಎಂದರೆ ಪರಮ ಎಂಬ ಊರನ್ನು ಕೇಳಿ, ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ಚಾಲುಕ್ಯನ ಕಡೆಯ ಸಿಂದರ ಆಚುಗಿ ಆಮೇಲೆ ಹೊಯ್ಸಳರನ್ನು ಹಿಂದಕ್ಕಟ್ಟಿದ. ವಿಷ್ಣುವರ್ಧನ ಬಿರುದಿನಲ್ಲಿ ಸಾಮಂತನಾಗಿಯೇ ಉಳಿದ.

ಏಕೆ ಆ ಹೊತ್ತಿನಲ್ಲೇ? ಚೋಳರು ತಲಕಾಡಿನಲ್ಲಿ ಇರುವತನಕ ಹೊಯ್ಸಳರಿಗೆ ಬೆನ್ನ ಹಿಂದೆ ಕಲ್ಯಾಣ ಬೇಕಿತ್ತು. ಚೋಳರು ಘಟ್ಟ ಇಳಿದ ಮೇಲೆ ಆ ಬೆನ್ನು ಭಾರವಾಯಿತು. ಯೂರಿಮೆಡಾನ್ ಗೆದ್ದ ಮೇಲೆ ಥಾಸೊಸಿಗೆ ಆದದ್ದೂ ಇದೇ. ಒಡೆಯನ ಪರವಾಗಿ ಸಾಮಂತ ಗೆದ್ದುಕೊಡುವ ದೊಡ್ಡ ಗೆಲುವು ಒಡೆಯನಿಗೆ ಒಳ್ಳೆಯದಲ್ಲ ಎಂದು ಕಲ್ಯಾಣದಲ್ಲಿ ಯಾರಾದರೂ ಮುದಿ ಮಂತ್ರಿ ಗೊಣಗಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆ ಕಲ್ಯಾಣದವರ ಹಿರಿಯ ತೈಲಪನೂ ರಾಷ್ಟ್ರಕೂಟರ ಸಾಮಂತನಾಗಿದ್ದು 973ರಲ್ಲಿ ಒಡೆಯನನ್ನು ಕೆಡವಿದವನೇ. ರಾಷ್ಟ್ರಕೂಟರ ದಂತಿದುರ್ಗ ಬಾದಾಮಿಯವರಿಗೆ ಮಾಡಿದ್ದೂ ಅದನ್ನೇ. ಕನ್ನಡ ನಾಡಿನ ರಾಜಮನೆತನಗಳ ಪಟ್ಟಿಯನ್ನು ನಾವು ಶಾಲೆಯಲ್ಲಿ ಸಾಲಾಗಿ ಬಾಯಿಪಾಠ ಮಾಡುತ್ತೇವೆ. ಅದು ಬಹುಮಟ್ಟಿಗೆ ಗೆದ್ದ ಸಾಮಂತರ ಪಟ್ಟಿ.

ಈಗ ನಿಮ್ಮೂರಿನ ವಿಡುಕಾದಳಗಿಯ ಪೆರುಮಾಳ್. ತಂದೆ ರಾಜರಾಜ ಅದಿಗನ್. ಪೋಳೂರಿನ ಬಳಿಯ ತಿರುಮಲೈ ಜೈನಗಿರಿಯಲ್ಲಿ ಅವನ ಶಾಸನವಿದೆ. ಚೇರ ವಂಶದ ಎಳಿನಿ ಪ್ರತಿಷ್ಠಾಪಿಸಿದ್ದ ಯಕ್ಷ ಯಕ್ಷಿಯರನ್ನು ಅವನ ಕುಲದವನಾದ ತಾನು ಜೀರ್ಣೋದ್ಧಾರ ಮಾಡಿಸಿದೆ ಎನ್ನುತ್ತಾನೆ. ಅಲ್ಲಿ ಸಂಸ್ಕೃತದಲ್ಲಿ ಅವನ ಹೆಸರು ವ್ಯಾಮುಕ್ತಶ್ರವಣೋಜ್ಜ್ವಲ. ಪಾಲಾರ್, ಪೆಣ್ಣೈ, ಕಾವೇರಿ ಮೂರು ನದಿಗಳ ನಾಡು ತನ್ನದೆಂಬ ಹೆಮ್ಮೆ ಅವನ ಕಾಲದ ಬರಹದಲ್ಲಿ ಕಾಣುತ್ತದೆ. ಚೋಳನಿಗಿಂತ ಹಳೆಯ ಮನೆತನ ನಮ್ಮದು ಎಂಬ ಧ್ವನಿ ಇದರಲ್ಲಿ ನನಗೆ ಕೇಳಿಸುತ್ತದೆ. ಮಿಟಿಲೀನೆಗೆ ಹಡಗು ಹೇಗೋ ಇವನಿಗೆ ಈ ವಂಶಾವಳಿ ಹಾಗೆ. ಜೊತೆಗೆ ಕಣಿವೆ ಕಾಯುವ ಪಡೆ.

ಒಡೆಯ ಮೂರನೇ ಕುಲೋತ್ತುಂಗ 1178ರಲ್ಲಿ ಪಟ್ಟಕ್ಕೆ ಬಂದವನು, ದುರ್ಬಲನಲ್ಲ. ಮದುರೆಯನ್ನೂ ಪಾಂಡ್ಯನ ಕಿರೀಟ ಹೊತ್ತ ತಲೆಯನ್ನೂ ಕೊಂಡವನು ಎಂದು ಅವನ ಬಿರುದು. ಬಿರುದೇ ಹೇಳುವಂತೆ ಅವನ ಗಮನವೆಲ್ಲ ತೆಂಕಲಿಗೆ. ವಾಯವ್ಯದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಬೆಳೆದು ನಿಂತಿದ್ದಾನೆ. ನಡುವೆ ತಗಡೂರು. ಆ ಹೊತ್ತಿನಲ್ಲಿ ತಿರುವಣ್ಣಾಮಲೈ ದಾರಿಯ ಚೆಂಗಂನಲ್ಲಿ ಕುಲೋತ್ತುಂಗನ 21ನೇ ವರ್ಷದ ಶಾಸನವೊಂದು ನಿಲ್ಲುತ್ತದೆ. ಅದು ಯುದ್ಧದ ಸುದ್ದಿಯಲ್ಲ, ದಾನವಲ್ಲ, ಒಪ್ಪಂದ. ನಮ್ಮ ವಿಡುಕಾದಳಗಿಯ ಪೆರುಮಾಳ್, ಕರಿಕಾಲಚೋಳ ಆಡೈಯೂರ್ ನಾಡಾಳ್ವಾನ್, ವಿಕ್ರಮಚೋಳ ಸಂಬುವರಾಯನೆಂಬ ಸೆಂಗೇಣಿ ಅಮ್ಮೈಯಪ್ಪನ್ ಅತ್ತಿಮಲ್ಲನ್, ಈ ಮೂವರ ನಡುವಿನದು. ಹೆಸರುಗಳನ್ನು ಇನ್ನೊಮ್ಮೆ ಕೇಳಿ. ಕರಿಕಾಲಚೋಳ, ವಿಕ್ರಮಚೋಳ: ಇಬ್ಬರ ಹಣೆಯ ಮೇಲೂ ಒಡೆಯನ ಮನೆಯ ಹೆಸರು. ಕಾಲ ಹೇಳಲು ಒಡೆಯನ ಆಳ್ವಿಕೆಯ ವರ್ಷ. ಒಪ್ಪಂದದಲ್ಲಿ ಮಾತ್ರ ಒಡೆಯ ಪಾಲುದಾರನಲ್ಲ. ಚೋಳರ ಕಡೆಗಾಲದಲ್ಲಿ ಸಾಮಂತರು ತಮ್ಮತಮ್ಮಲ್ಲೇ ಮಾಡಿಕೊಂಡ ಇಂಥ ಒಡಂಬಡಿಕೆಗಳು ಇನ್ನೂ ಹಲವಿವೆ. ನನ್ನ ಲೆಕ್ಕದಲ್ಲಿ ಇದು ಕತ್ತಿ ಹಿರಿಯುವುದಕ್ಕಿಂತ ದೊಡ್ಡ ಬಂಡಾಯ. ಒಡೆಯನ ಕೆಲಸ ಏನು? ಸಾಮಂತರ ನಡುವಿನ ಜಗಳ ತೀರಿಸುವುದು, ಯಾರು ಯಾರಿಗೆ ಮಿತ್ರ ಎಂದು ಹೇಳುವುದು. ಆ ಕೆಲಸವನ್ನು ಅವರೇ ಕೂತು ಮುಗಿಸಿಕೊಂಡರೆ ಒಡೆಯನಿಗೆ ಉಳಿಯುವುದು ಪ್ರಶಸ್ತಿಯ ಮೊದಲ ಸಾಲು. ಮಿಟಿಲೀನೆ ಒಂಟಿಯಾಗಿ ಎದ್ದು ಕೆಟ್ಟಿತು. ಇವರು ಏಳದೆಯೇ ಒಟ್ಟಾದರು.

ಫಲ ಬೇಗ ಕಂಡಿತು. 1231ರ ಹೊತ್ತಿಗೆ ಕಾಡವ ಸಾಮಂತ ಕೋಪ್ಪೆರುಂಜಿಂಗ ತನ್ನ ಒಡೆಯ ಚೋಳ ಮೂರನೇ ರಾಜರಾಜನನ್ನೇ ಸೇಂದಮಂಗಲದಲ್ಲಿ ಸೆರೆಯಿಟ್ಟ. ಬಿಡಿಸಲು ಬಂದವನು ದೋರಸಮುದ್ರದ ಹೊಯ್ಸಳ ಇಮ್ಮಡಿ ನರಸಿಂಹ. ದಾರಿಯಲ್ಲಿ ಮಗರ ರಾಜ್ಯವನ್ನು ಕಿತ್ತೊಗೆದು, ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯರನ್ನು ಮುಂದೆ ಕಳಿಸಿದ ಎಂದು ತಿರುವೇಂದಿಪುರದ ಶಾಸನ ವಿವರವಾಗಿ ಹೇಳುತ್ತದೆ. ಮಗರ ನಾಡು ಈ ಸೇಲಂ ಸೀಮೆಯ ಆಸುಪಾಸಿನದು. ತಲಕಾಡಿನಿಂದ ಚೋಳರನ್ನು ಅಟ್ಟಿದವರ ಮರಿಮಕ್ಕಳು ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ರಾದರು. ಈ ಬಿರುದಿನಲ್ಲಿ ಹೆಮ್ಮೆಯಷ್ಟೇ ಲೆಕ್ಕವೂ ಇದೆ: ಬಡವಾದ ಚೋಳ ಪಕ್ಕದಲ್ಲಿದ್ದರೆ ಹೊಯ್ಸಳನಿಗೆ ಲಾಭ, ಬಲಿತ ಕಾಡವನಾಗಲಿ ಪಾಂಡ್ಯನಾಗಲಿ ಇದ್ದರೆ ನಷ್ಟ.

ಇಷ್ಟು ಹೊತ್ತು ದೊರೆಗಳ ಮಾತಾಯಿತು. ಮಿಟಿಲೀನೆಯಲ್ಲಿ ಕಾಳು ಕೇಳಿದವರಂಥವರು ಇಲ್ಲಿ ಇರಲಿಲ್ಲವೇ? ಇದ್ದರು, ಅವರ ಕಲ್ಲು ಸಿಗಲು ಇನ್ನೂ ಎರಡು ಶತಮಾನ ಬೇಕಾಯಿತು. 1429ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಕಾವೇರಿ ಬಯಲಿನಿಂದ ವೃದ್ಧಾಚಲದವರೆಗೆ ಬಲಗೈ 98, ಎಡಗೈ 98 ಪಂಗಡಗಳವರು ಒಟ್ಟು ಸೇರಿ ಶಾಸನ ಹಾಕಿಸಿದರು. ನ್ಯಾಯವಾದ ತೆರಿಗೆ ಮಾತ್ರ ಕೊಡುತ್ತೇವೆ, ಅಧಿಕಾರಿಗಳ ಜೊತೆ ಸೇರಿ ಹಿಂಡುವ ಭೂಒಡೆಯರಿಗೆ ನೆರಳು ಕೊಡುವುದಿಲ್ಲ, ಅವರ ಲೆಕ್ಕ ಬರೆಯುವುದಿಲ್ಲ ಎಂಬ ಕಟ್ಟು. ಒಬ್ಬರಿಗೊಬ್ಬರು ಹೊಡೆದಾಡುತ್ತಿದ್ದ ಎರಡು ಕೈಗಳು ಒಂದಾದ ಅಪರೂಪದ ಗಳಿಗೆ. ವಿಜಯನಗರವನ್ನು ಕನ್ನಡಿಗರ ವೈಭವವೆಂದು ಕೊಂಡಾಡುವ ನಾವು ಈ ಕಲ್ಲನ್ನೂ ಓದಬೇಕು. ಆ ವೈಭವದ ಖರ್ಚಿಗೆ ಕೊಟ್ಟವರ ಸಹಿ ಇದರಲ್ಲಿದೆ. ಬಂಡೇಳಲು ಬಲ ಬೇಕು ಎಂದೆನಲ್ಲ. ಇವರಿಗೆ ಇದ್ದ ಬಲ ದುಡಿಮೆ ನಿಲ್ಲಿಸುವುದು, ಲೆಕ್ಕ ಬರೆಯದಿರುವುದು.

ತಿರುಗಿಬಿದ್ದವರನ್ನು ಕಂಡು ಒಡೆಯರು ಏನಾದರೂ ಕಲಿತರೇ? ಅಥೆನ್ಸ್ ಒಮ್ಮೆ ಕಲಿತಂತೆ ಕಾಣುತ್ತದೆ. ಕ್ರಿ.ಪೂ. 377ರಲ್ಲಿ ಎರಡನೇ ಕೂಟ ಕಟ್ಟಿದಾಗ ಕಪ್ಪ ಕೇಳುವುದಿಲ್ಲ, ಕಾವಲುಪಡೆ ಇರಿಸುವುದಿಲ್ಲ, ಅಧಿಕಾರಿ ಕಳಿಸುವುದಿಲ್ಲ, ಮಿತ್ರರ ನೆಲದಲ್ಲಿ ನಮ್ಮವರು ಹೊಲ ಮನೆ ಮಾಡುವುದಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸಿತು. ಮಿಟಿಲೀನೆಯ 2,700 ಹೊಲಗಳು ಆ ಮಾತಿನ ಹಿಂದೆ ನಿಂತಿವೆ. ಇಪ್ಪತ್ತು ವರ್ಷದಲ್ಲಿ ಮಾತು ಸವೆಯಿತು. ಕ್ರಿ.ಪೂ. 357ರಲ್ಲಿ ಖಿಯೊಸ್, ರೋಡ್ಸ್, ಕಾಸ್, ಬೈಜಾಂಟಿಯಂ ಒಟ್ಟಾಗಿ ಎದ್ದವು, ಕಾರಿಯಾದ ಮಾಸೊಲಸ್ ನೆರವು ಕೊಟ್ಟ, 355ರಲ್ಲಿ ಅಥೆನ್ಸ್ ಅವರನ್ನು ಹೋಗಗೊಟ್ಟಿತು. ಈ ಸಲ ಯಾರೂ ಒಂಟಿಯಾಗಿ ಏಳಲಿಲ್ಲ ಎಂಬುದನ್ನು ಗಮನಿಸಿ.

ಹೊಯ್ಸಳರದು ಹೇಳಿ ಮುಗಿಸುತ್ತೇನೆ. 1254ರಿಂದ ಅವರ ರಾಜ್ಯ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿತ್ತು. ತಮಿಳು ಭಾಗದ ರಾಮನಾಥ 1279ರ ಹೊತ್ತಿಗೆ ಪಾಂಡ್ಯ ಕುಲಶೇಖರನಿಗೆ ಸೋತು ತನ್ನ ರಾಜಧಾನಿ ಕಣ್ಣನೂರು ಬಿಟ್ಟು ಈ ಮೇಲ್ಸೀಮೆಯ ಕುಂದಾಣಿಗೆ ಬಂದ. ಅಲ್ಲಿಂದ ಅವನು ಕಾದಿದ್ದು ದೋರಸಮುದ್ರದ ತನ್ನ ಅಣ್ಣನ ಮೇಲೆ. ಎರಡೂ ಭಾಗಗಳನ್ನು ಮತ್ತೆ ಕೂಡಿಸಿದವನು ಮುಮ್ಮಡಿ ಬಲ್ಲಾಳ. ಹೊಸದಾಗಿ ಕೈಗೆ ಬಂದ ಈ ನಾಡುಗಳಿಗೆ ಅವನು 1301ರಲ್ಲಿ ಕಳಿಸಿದ ಆಜ್ಞೆಯ ಪ್ರತಿಗಳು ಕೋಲಾರ, ಬೆಂಗಳೂರು ಸೀಮೆಯ ಶಾಸನಗಳಲ್ಲಿ ಉಳಿದಿವೆ. ಹೆಸರ ಕುಂದಾಣಿ ರಾಜ್ಯ, ಮುರಸುನಾಡು, ಕುವಳಾಲನಾಡು, ಕೈವಾರನಾಡು ಹೀಗೆ ನಾಡುಗಳ ಹೆಸರು ಎಣಿಸಿ, ಅಲ್ಲಿನ ಮಠ ದೇವಸ್ಥಾನಗಳವರಿಗೆ ಬರೆದದ್ದು.  ಬಲ್ಲಾಳ ಈ ನಾಡುಗಳಿಂದ ಮೊದಲು ಕೇಳಿದ್ದು ಸೈನಿಕರನ್ನಲ್ಲ, ಹೊನ್ನನ್ನೂ ಅಲ್ಲ. ದೇವದಾನದ ಊರುಗಳ ಮೇಲಿದ್ದ ತೆರಿಗೆಗಳನ್ನೆಲ್ಲ ಬಿಟ್ಟಿದ್ದೇನೆ, ಪೂಜೆ ಪುನಸ್ಕಾರ ನಡೆಸಿಕೊಂಡು ನಮಗೂ ನಮ್ಮ ರಾಜ್ಯಕ್ಕೂ ಒಳಿತು ಹಾರೈಸಿ ಎಂದಷ್ಟೇ ಅದರಲ್ಲಿದೆ.